ರಾಜಾಜಿನಗರದ ಬೋರ್ಡುಗಳಲ್ಲಿ ಹಳೇ ಇಂಗ್ಲಿಷ್

ಬೆಳಗ್ಗೆ ಮೆಟ್ರೊದಲ್ಲಿ ಪಕ್ಕದವರ ಮೊಬೈಲ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಒಬ್ಬರು ರೀಲ್ಸ್ ನೋಡ್ತಿದ್ದರೆ ಇನ್ನೊಬ್ಬರು ದಿನಕ್ಕೆ ಹತ್ತು ಇಂಗ್ಲಿಷ್ ಪದ ಕಲಿಸುವ ಆ್ಯಪ್ ತೆರೆದಿರುತ್ತಾರೆ. ಐಇಎಲ್‌ಟಿಎಸ್, ಜಿಆರ್‌ಇ, ಪ್ರಮೋಷನ್ ಇಂಟರ್‌ವ್ಯೂ, ಕಾರಣ ಏನೇ ಇರಲಿ, ದೊಡ್ಡ ದೊಡ್ಡ ಪದ ಗೊತ್ತಿರಬೇಕು ಅನ್ನೋ ಒತ್ತಡ ನಮಗೆಲ್ಲ ಇದೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಸೋಮವಾರ ಕಲಿತ ಹತ್ತರಲ್ಲಿ ಶುಕ್ರವಾರಕ್ಕೆ ಎರಡು ಉಳಿದರೆ ಅದೇ ಪುಣ್ಯ.

ಹಾಗಿದ್ದರೆ ಒಂದು ಭಾನುವಾರ ಆ್ಯಪ್ ಮುಚ್ಚಿಟ್ಟು, ಹಸಿರು ಮಾರ್ಗದ ರಾಜಾಜಿನಗರ ಸ್ಟೇಷನ್‌ನಲ್ಲಿ ಇಳಿದುಬಿಡಿ. ಸ್ವಾತಂತ್ರ್ಯದ ಹೊಸತರಲ್ಲಿ ಎದ್ದ ಈ ಬಡಾವಣೆಯ ಬೋರ್ಡುಗಳಲ್ಲಿ, ಇಂಗ್ಲೆಂಡಿನವರೇ ಮರೆತಿರುವ ಇಂಗ್ಲಿಷ್ ಇನ್ನೂ ಜೀವಂತವಾಗಿದೆ.

ಮೊದಲ ಪದ ಕಾಲ ಕೆಳಗೇ ಇದೆ: ಕಾರ್ಡ್ ರೋಡ್. ದಿನಾ ಇಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರು ಕೂಡ ಆ ‘ಕಾರ್ಡ್’ ಯಾವುದು ಅಂತ ಯೋಚಿಸಿರಲಿಕ್ಕಿಲ್ಲ. ಅದು ಎಟಿಎಂ ಕಾರ್ಡ್ ಅಲ್ಲ, ರೇಖಾಗಣಿತದ ಕಾರ್ಡ್. ವೃತ್ತದ ಮೇಲಿನ ಎರಡು ಬಿಂದುಗಳನ್ನು ನೇರವಾಗಿ ಸೇರಿಸುವ ಗೆರೆ. ಹೈಸ್ಕೂಲ್ ಗಣಿತದಲ್ಲಿ ನಾವು ಅದನ್ನೇ ‘ಜ್ಯಾ’ ಅಂತ ಕಲಿತಿದ್ದು. ಜ್ಯಾ ಅಂದರೆ ಬಿಲ್ಲಿನ ಹೆದೆ. ಇಂಗ್ಲಿಷಿನ ಕಾರ್ಡ್‌ಗೂ ಮೂಲದಲ್ಲಿ ತಂತಿ ಅನ್ನೋದೇ ಅರ್ಥ. ನಮ್ಮ ಜ್ಯಾ ಅರಬರ ಕೈಗೆ ಹೋಗಿ, ಲ್ಯಾಟಿನ್‌ನಲ್ಲಿ ತಪ್ಪು ಅನುವಾದವಾಗಿ, ಕೊನೆಗೆ ತ್ರಿಕೋನಮಿತಿಯ ‘ಸೈನ್’ ಆಯಿತು. ಇಷ್ಟು ಗೊತ್ತಾದ ಮೇಲೆ ಆ ಪದವನ್ನು ಮರೆಯುವುದೇ ಕಷ್ಟ.

ಒಳಗಿನ ಬ್ಲಾಕ್‌ಗಳ ಕಡೆ ನಡೆದರೆ ಮೂಲೆಮೂಲೆಗೂ ‘ಕಾಂಡಿಮೆಂಟ್ಸ್’ ಅಂಗಡಿ. ಇಂಗ್ಲೆಂಡಿನಲ್ಲಿ ಕಾಂಡಿಮೆಂಟ್ ಅಂದರೆ ಊಟದ ಮೇಜಿನ ಮೇಲಿನ ಸಾಸಿವೆ, ಸಾಸ್, ಉಪ್ಪು, ಮೆಣಸು. ಬೇರು ಲ್ಯಾಟಿನ್ನಿನದು, ಉಪ್ಪಿನಲ್ಲಿ ಹಾಕಿಡು, ಒಗ್ಗರಿಸು ಅನ್ನೋ ಅರ್ಥದ್ದು. ಬೆಂಗಳೂರಿನಲ್ಲಿ ಅದರ ಹೊಟ್ಟೆಯೊಳಗೆ ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಚಟ್ನಿಪುಡಿ, ಸಾರಿನಪುಡಿ ಎಲ್ಲ ಸೇರಿಕೊಂಡಿದೆ. ಲಂಡನ್‌ನಲ್ಲಿ ಕಾಂಡಿಮೆಂಟ್ಸ್ ಕೇಳಿದರೆ ಕೆಚಪ್ ಬರುತ್ತೆ, ಕೋಡುಬಳೆ ಬರಲ್ಲ. ಪಕ್ಕದ ಹೋಟೆಲಿನ ಬೋರ್ಡಿನಲ್ಲಿ ‘ಟಿಫಿನ್’ ಇರುತ್ತದೆ. ಗುಟುಕು ಗುಟುಕಾಗಿ ಕುಡಿಯುವುದಕ್ಕೆ ಇದ್ದ ಒಂದು ಹಳೇ ಇಂಗ್ಲಿಷ್ ಆಡುಮಾತಿನಿಂದ ಬಂದ ಪದ ಅದು. ತವರಿನಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿದೆ. ಇಲ್ಲಿ ಬೆಳಗ್ಗೆ ಏಳಕ್ಕೇ ಇಡ್ಲಿ ವಡೆ ಜತೆ ಬಿಸಿಬಿಸಿಯಾಗಿ ಸಿಗುತ್ತೆ.

ರಾಜಾಜಿನಗರ ಅಂದರೆ ಕಾರ್ಖಾನೆ ಕೆಲಸಗಾರರ ಏರಿಯಾ ಕೂಡ. ಇಂಡಸ್ಟ್ರಿಯಲ್ ಎಸ್ಟೇಟ್, ಇಂಡಸ್ಟ್ರಿಯಲ್ ಟೌನ್, ದೊಡ್ಡ ಇಎಸ್‌ಐ ಆಸ್ಪತ್ರೆ ಎಲ್ಲ ಇಲ್ಲೇ. 1948ರ ಇಎಸ್‌ಐ ಕಾಯ್ದೆಯ ಜತೆ ಬೆಳೆದ ಪದ ‘ಡಿಸ್ಪೆನ್ಸರಿ’. ನಮ್ಮ ತಾತಂದಿರಿಗೆ ಅದು ಜ್ವರದ ಮಾತ್ರೆ, ಕೆಮ್ಮಿನ ಔಷಧಿ ಕೊಡುವ ಜಾಗ. ಅಮೆರಿಕದಲ್ಲಿರುವ ಕಸಿನ್‌ಗೆ ‘ಡಿಸ್ಪೆನ್ಸರಿಗೆ ಹೋಗಿದ್ದೆ’ ಅಂತ ಮೆಸೇಜ್ ಹಾಕುವಾಗ ಮಾತ್ರ ಹುಷಾರು. ಅಲ್ಲಿ ಈಗ ಆ ಹೆಸರಿನಲ್ಲಿ ಗಾಂಜಾ ಮಾರುವ ಅಂಗಡಿಗಳಿವೆ.

ಇಲ್ಲಿಯವರೆಗೆ ತಮಾಷೆ. ಗೇಟಿಗೆ ತೂಗುಹಾಕಿದ ‘ಟು-ಲೆಟ್’ ಬೋರ್ಡ್ ಹತ್ತಿರ ಬಂದಾಗ ವಿಷಯ ಗಂಭೀರವಾಗುತ್ತೆ. ಮನೆ ಇಷ್ಟವಾಯಿತು, ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿದ್ದೂ ಆಯಿತು ಅನ್ನಿ. ಆಮೇಲೆ ಕೈಗೆ ಬರೋದು ಬಾಡಿಗೆ ಕರಾರು ಪತ್ರ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಹಾಗಾಗಿ ಎಲ್ಲರೂ ಬರೆಸೋದು 11 ತಿಂಗಳಿಗೆ. ಅದರ ಭಾಷೆಯಂತೂ ಮುತ್ತಾತನ ಕಾಲದ್ದು. ‘ಹಿಯರಿನ್‌ಆಫ್ಟರ್’ ಅಂದರೆ ಇನ್ನು ಮುಂದೆ, ‘ಫೋರ್ತ್‌ವಿತ್’ ಅಂದರೆ ಕೂಡಲೇ. ‘ಶೆಡ್ಯೂಲ್’ ಅಂದರೆ ಟೈಂಟೇಬಲ್ ಅಲ್ಲ, ಮನೆಯ ವಿವರ ಮತ್ತು ಚಕ್ಕುಬಂದಿ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅಂತ ಶುರುವಾಗುವ ಸಾಲು ಕಂಡರೆ ನಿಧಾನಿಸಿ. ಬೇರೆಡೆ ಏನೇ ಬರೆದಿದ್ದರೂ ಈ ಸಾಲೇ ನಡೆಯುತ್ತೆ ಅಂತ ಅದರರ್ಥ. ‘ಫಾರ್ಫಿಟ್’ ಕಂಡರೆ ಎರಡು ಸಲ ಓದಿ: ಅವಧಿಗೆ ಮುಂಚೆ ಮನೆ ಬಿಟ್ಟರೆ ಅಡ್ವಾನ್ಸ್‌ನಲ್ಲಿ ಎಷ್ಟು ಮುಟ್ಟುಗೋಲು ಅನ್ನೋದು ಅಲ್ಲೇ ಅಡಗಿರುತ್ತೆ. ‘ವೇರ್ ಆ್ಯಂಡ್ ಟೇರ್’ ಅಂದರೆ ವಾಸದಿಂದ ಸಹಜವಾಗಿ ಆಗುವ ಸವಕಳಿ. ಅದನ್ನು ಬಿಟ್ಟು ಉಳಿದ ಹಾನಿಗೆ ಮಾತ್ರ ನೀವು ಹೊಣೆ ಅಂತ ಬರೆದಿದೆಯಾ ನೋಡಿಕೊಳ್ಳಿ.

ಇಂಟರ್‌ವ್ಯೂನಲ್ಲಿ ಒಂದು ಅಪರೂಪದ ಪದ ಬರದಿದ್ದರೆ ಲೋಕವೇನೂ ಮುಳುಗಲ್ಲ. ಕರಾರು ಪತ್ರದ ಒಂದು ಪದ ತಿಳಿಯದೆ ಸಹಿ ಹಾಕಿದರೆ ತಿಂಗಳುಗಟ್ಟಲೆ ಸಂಬಳ ಹೋಗಬಹುದು. ‘ಇದೆಲ್ಲ ಫಾರ್ಮ್ಯಾಲಿಟಿ ಸಾರ್, ಸೈನ್ ಮಾಡಿ’ ಅಂತ ಬ್ರೋಕರ್ ಅವಸರ ಮಾಡಿದರೆ, ‘ಒಂದು ದಿನ ಕೊಡಿ, ಓದಿ ಕೊಡ್ತೀನಿ’ ಅನ್ನೋದಕ್ಕೆ ಸಂಕೋಚ ಬೇಡ. ಹಳೇ ಪದಗಳಲ್ಲಿ ಮೊದಲು ಕಲಿಯಬೇಕಾದವು ಯಾವು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ.

ವಾಪಸ್ ಹೋಗುವಾಗ ಮುಂದಿನ ಸ್ಟೇಷನ್‌ವರೆಗೆ ನಡೆಯಿರಿ. ಅದರ ಹೆಸರು ಮಹಾಕವಿ ಕುವೆಂಪು ರಸ್ತೆ. ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. 1922ರಲ್ಲಿ ಬಂದ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನ ಸಂಕಲನ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿನ್ನ ಭಾಷೆಯಲ್ಲೇ ಬರೆ ಅಂತ ಸಲಹೆ ಕೊಟ್ಟರು. ಹಾಗಂತ ಕುವೆಂಪು ಇಂಗ್ಲಿಷ್ ಓದುವುದನ್ನು ಬಿಡಲಿಲ್ಲ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅವರ ಕೈಯಲ್ಲಿ ‘ರಕ್ತಾಕ್ಷಿ’ಯಾಗಿ ಕನ್ನಡಕ್ಕೆ ಬಂತು. ಬಡಾವಣೆಗೆ ಹೆಸರು ಕೊಟ್ಟ ರಾಜಾಜಿಯೂ ಹಾಗೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಿಂದ 1950ರವರೆಗೆ ಗವರ್ನರ್ ಜನರಲ್ ಆಗಿದ್ದವರು. ಅವರ ಇಂಗ್ಲಿಷ್ ಮಹಾಭಾರತ ತೆರೆದು ನೋಡಿ, ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ದೊಡ್ಡ ಪದ ಗೊತ್ತಿದ್ದವರು ಅದನ್ನು ಎಲ್ಲೆಂದರಲ್ಲಿ ಬಳಸಬೇಕು ಅಂತೇನಿಲ್ಲ.

ಮುಂದಿನ ಭಾನುವಾರ ನಿಮ್ಮದೇ ಏರಿಯಾದಲ್ಲಿ ಒಂದು ಸುತ್ತು ಹಾಕಿ, ಐದು ಬೋರ್ಡ್ ಓದಿ. ಮನೆಗೆ ಬಂದು ಬೀರುವಿನಲ್ಲಿರುವ ಕರಾರು ಪತ್ರವನ್ನೂ ಒಮ್ಮೆ ತೆಗೆದು ಓದಿ. ಸಿಕ್ಕ ಪದಗಳನ್ನು ನಮಗೂ ಬರೆದು ಕಳಿಸಿ.