ಉಕ್ಕಿಗೆ ಮೊದಲು ರಟ್ಟು

ಅರಸೀಕೆರೆ ಜಂಕ್ಷನ್ನಿನ ಮೀಟರ್ ಗೇಜ್ ದಿನಗಳ ನೆನಪಲ್ಲಿ ಹಬೆ ಎಂಜಿನ್ನಿನ ಮಾದರಿ ಮಾಡಲು ಕೂತವರಿಗೆ ಒಂದು ಮಾತು: ಅಚ್ಚಾದ ನಕ್ಷೆಯಲ್ಲೂ ತಪ್ಪಿರುತ್ತದೆ. ಗಾಲಿಗಳ ನಡುವಿನ ಅಂತರಗಳನ್ನು ಕೂಡಿದರೆ ಮೊದಲ ಗಾಲಿಯಿಂದ ಕೊನೆಯ ಗಾಲಿಯವರೆಗಿನ ಒಟ್ಟು ಅಂತರಕ್ಕೆ ತಾಳೆಯಾಗುವುದಿಲ್ಲ. ಪಕ್ಕದ ನೋಟದಲ್ಲಿದ್ದ ತೂತು ಮೇಲಿನ ನೋಟದಲ್ಲಿ ಮಾಯ! ಇವು ಹೇಗೋ ಕಣ್ಣಿಗೆ ಬೀಳುತ್ತವೆ. ವಾಲ್ವ್ ಗೇರಿನ ಸರಳು ಅರ್ಧ ಮಿಲಿಮೀಟರ್ ತಪ್ಪಿದ್ದರೆ ಕಾಣದು. ಸಿಲಿಂಡರಿನ ಒಂದು ತುದಿಗೆ ಹಬೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗಿ ಎಂಜಿನ್ ಕುಂಟುತ್ತದೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಕತೆಯಲ್ಲಿ ಕಣ್ಣಿಗೆ ಕಾಣದ ಕಲ್ಲಿನ ದೋಷ ತೋರಿಸಿದ್ದು ಗಂಧದ ಲೇಪ. (ಕತೆಯೇ ಇರಲಿ, ಪರೀಕ್ಷೆ ಭೇಷ್.) ನಮಗೆ ರಟ್ಟು, ಗುಂಡುಸೂಜಿ ಸಾಕು. ಸರಳುಗಳನ್ನು ರಟ್ಟಿನಲ್ಲಿ ಕತ್ತರಿಸಿ, ಜೋಡಿಸಿ, ಗಾಲಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಉಕ್ಕಿಗೆ ಗರಗಸ ಆಮೇಲೆ. ತಪ್ಪು ಸಿಕ್ಕರೆ ನಕ್ಷೆಯ ಮೇಲೇ ಕೆಂಪು ಶಾಯಿಯಲ್ಲಿ ತಿದ್ದಿ. ಅದೇ ನಕ್ಷೆ ಹಿಡಿದಿರುವ ಬೇರೆಯವರಿಗೂ ತಿಳಿಸಿ.