ವರ್ಷದ ಆಯ

ಕಳೆದ ಭಾನುವಾರ ಕಳಲೆಗೆ ಹೋಗಿದ್ದೆ. ನಂಜನಗೂಡಿಗೆ ಹತ್ತಿರದ ಈ ಊರು ಚರಿತ್ರೆಯ ಪುಸ್ತಕಗಳಲ್ಲಿ ಹೆಸರು ಪಡೆದದ್ದು ಮೈಸೂರಿನ ದಳವಾಯಿಗಳಿಂದ. ನನಗೆ ಮಾತ್ರ ಅದು ಅವ್ವನ ಊರು. ಹಳೆಯ ಬದುಕನ್ನು ಕುರಿತು ಅವ್ವ ಹೇಳಿದ್ದನ್ನೆಲ್ಲ ನಾಲ್ಕು ವರ್ಷಗಳಿಂದ ಗಣಕದಲ್ಲಿ ಬರೆದಿಡುತ್ತಿದ್ದೇನೆ. ಅಂದು ಜಗಲಿಯ ಮೇಲೆ ಕುಳಿತು ಒಂದು ಭಾಗ ಓದಿ ಹೇಳಿದೆ. ಸುಗ್ಗಿಯಲ್ಲಿ ಕಮ್ಮಾರನಿಗೆ ಮನೆಗಿಷ್ಟು ರಾಗಿ ಎಂದು ಆಯ ಅಳೆಯುತ್ತಿದ್ದರು ಎಂದು ಅದರಲ್ಲಿತ್ತು.

“ಮನೆಗಿಷ್ಟು ಅಂತ ಅಲ್ಲ ಕಣಪ್ಪ, ನೇಗಿಲಿಗಿಷ್ಟು ಅಂತ. ತಿದ್ದು ಅದನ್ನ” ಎಂದಳು ಅವ್ವ.

ತಿದ್ದಲು ಹೋದರೆ ಅಕ್ಷರ ಅಲುಗಲಿಲ್ಲ. ವರ್ಷದ ಚಂದಾ ಮುಗಿದಿದೆ. ಓದಬಹುದು, ತಿದ್ದುವ ಹಾಗಿಲ್ಲ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಇಪ್ಪತ್ತು ವರ್ಷಗಳಿಂದ ಹುಡುಗರ ಕಾಗುಣಿತ ತಿದ್ದುವುದೇ ಕಸುಬಾದ ಮೇಷ್ಟರಿಗೆ ತನ್ನ ವಾಕ್ಯವನ್ನು ತಿದ್ದಲು ಅಪ್ಪಣೆಯಿಲ್ಲ!

“ನೀ ಬರೆದದ್ದು ನೀನೇ ತಿದ್ದಬಾರದಾ? ಯಾರ ಹತ್ರ ಅಡ ಇಟ್ಟಿದೀಯ?”

ಉತ್ತರ ಹೊಳೆಯಲಿಲ್ಲ. ವರ್ಷಕ್ಕೊಮ್ಮೆ ಹಣ ತೆರುವುದು ನಮಗೇನೂ ಹೊಸದಲ್ಲ. ಯುಗಾದಿ ಬಂತೆಂದರೆ ಹೊಸ ಪಂಚಾಂಗ ಕೊಳ್ಳುತ್ತೇವೆ. ತಿಥಿ ನಕ್ಷತ್ರಗಳು ಬದಲಾಗಿರುತ್ತವೆ, ಹಳೆಯದು ಕೆಲಸಕ್ಕೆ ಬಾರದು. ಆದರೆ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ನಾನು ಇಂದಿಗೂ ತೆರೆಯುತ್ತೇನೆ, ಅದು ಚಂದಾ ಕೇಳುವುದಿಲ್ಲ. ತಂತ್ರಾಂಶದಲ್ಲಿ ಇವೆರಡರ ಗುಣವೂ ಉಂಟು. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುತ್ತಲೇ ಇರಬೇಕು. ಆ ಕೆಲಸ ಪಂಚಾಂಗದ ಜಾತಿಯದು. ಅದನ್ನು ಮಾಡುವವರಿಗೂ ಹೊಟ್ಟೆಯಿದೆ, ಕೂಲಿ ಸಲ್ಲಬೇಕು. ಅಕ್ಷರ ಜೋಡಿಸುವುದು ಮಾತ್ರ ನಿಘಂಟಿನ ಜಾತಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಒಮ್ಮೆ ಕೊಂಡ ಅದನ್ನೇ ನೆಚ್ಚಿಕೊಂಡು ನಮ್ಮ ಕಡೆಯ ಅಚ್ಚುಕೂಟಗಳು ಎಷ್ಟೋ ವರ್ಷ ಕನ್ನಡ ಪುಸ್ತಕಗಳನ್ನು ಜೋಡಿಸಿದವು. ಅದನ್ನು ಮಾರುತ್ತಿದ್ದ ಅಡೋಬಿ 2013ರಲ್ಲಿ ಚಂದಾ ಪದ್ಧತಿಗೆ ತಿರುಗಿತು. ಈಗ ಹಲವರದು ಅದೇ ದಾರಿ. ವರ್ಷ ಕಳೆದರೆ ನಮಗೆ ದೊರೆಯುವ ಹೊಸತನವೋ, ಎಡಕ್ಕಿದ್ದ ಗುಂಡಿ ಬಲಕ್ಕೆ ಹೋಗಿರುತ್ತದೆ, ಅಷ್ಟೆ.

ಅವ್ವನನ್ನು ಕೇಳಿದೆ: “ಆಯ ಕೊಡದೆ ಇದ್ದರೆ ಕಮ್ಮಾರ ಏನು ಮಾಡುತ್ತಿದ್ದ?”

“ಗುಳ ತಟ್ಟಿಕೊಡ್ತಿರಲಿಲ್ಲ. ಮಳೆ ಹೋದ ವರ್ಷ ಕೊಟ್ಟಷ್ಟು ತಗೋತಿದ್ದ.”

ಆ ಏರ್ಪಾಡೂ ಧರ್ಮರಾಯನದೇನಲ್ಲ. ಅಳೆಯುವವರ ಕೊಳಗ ಎಷ್ಟೋ ಸಲ ಕುಗ್ಗುತ್ತಿತ್ತು, ಕಮ್ಮಾರ ಬಾಯಿ ಬಿಡುವಂತಿರಲಿಲ್ಲ. ಆದರೂ ಆಯ ನಿಂತಿತೆಂದು ಅವನು ನಮ್ಮ ಕೊಟ್ಟಿಗೆಗೆ ಬಂದು ನೇಗಿಲಿಗೆ ಬೀಗ ಜಡಿದದ್ದಿಲ್ಲ. ಮೊಂಡ ಗುಳದಲ್ಲಾದರೂ ಉಳಬಹುದಾಗಿತ್ತು. ಈ ವರ್ಷದ ಸಾಣೆ ನನಗೆ ಬೇಡವಾದರೆ ಕೊಡಬೇಡಿ, ಹಳೆಯ ಮೊನೆಯಲ್ಲೇ ಗೀಚಿಕೊಳ್ಳುತ್ತೇನೆ. ನನ್ನ ತಕರಾರು ಇಷ್ಟೆ.

ಕನ್ನಡದಲ್ಲಿ ಬೆರಳಾಡಿಸುವುದಕ್ಕಂತೂ ನಾವು ಯಾರಿಗೂ ಆಯ ತೆರಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಎಲ್ಲರಿಗೂ ದಕ್ಕಿದೆ, ಸರ್ಕಾರ ಹಂಚಿದ ‘ನುಡಿ’ಯಲ್ಲಿಯೂ ಇರುವುದು ಅದೇ.

ಮೈಸೂರಿಗೆ ಮರಳಿದ ಮೇಲೆ ಮಗಳು ಲಿಬ್ರೆ ಆಫೀಸ್ ಎಂಬ, ಕಾಸು ಕೇಳದ ತಂತ್ರಾಂಶವನ್ನು ಹಾಕಿಕೊಟ್ಟಳು. ಕಡತ ತೆರೆಯಿತು. ‘ಮನೆಗಿಷ್ಟು’ ಎಂಬುದನ್ನು ಹೊಡೆದು ‘ನೇಗಿಲಿಗಿಷ್ಟು’ ಎಂದು ಬರೆದೆ. ಕೋಷ್ಟಕಗಳು ಕೊಂಚ ಸೊಟ್ಟಗಾಗಿವೆ. ಬರುವ ಭಾನುವಾರ ಬಡಗಿಯ ಆಯದ ಲೆಕ್ಕ ಕೇಳಬೇಕು.