ಉಸಿರಿಗಿಂತ ಮೊದಲು ತುಕ್ಕು

ಆಮ್ಲಜನಕ ಕೊಡುವವರು ಯಾರು ಎಂದು ಯಾವ ಶಾಲೆಯಲ್ಲಿ ಕೇಳಿದರೂ ಇಡೀ ತರಗತಿ ಒಂದೇ ದನಿಯಲ್ಲಿ ‘ಮರಗಿಡಗಳು’ ಎನ್ನುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಭೂಮಿಗೆ 454 ಕೋಟಿ ವರ್ಷ ವಯಸ್ಸು. ನೆಲದ ಮೇಲೆ ಗಿಡಗಳು ತಲೆಯೆತ್ತಿ ಸುಮಾರು 47 ಕೋಟಿ ವರ್ಷವಾಗಿದೆ, ಅಷ್ಟೆ. ಗಾಳಿಯಲ್ಲಿ ಆಮ್ಲಜನಕ ನೆಲೆಯೂರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಹಾಗಿದ್ದರೆ, ಒಂದು ಎಲೆಯೂ ಇಲ್ಲದ ಆ ಕಾಲದಲ್ಲಿ ಅದನ್ನು ಬಿಟ್ಟವರು ಯಾರು?

ಕೆರೆಯ ಮೆಟ್ಟಿಲ ಮೇಲಿನ ಹಸಿರು ಲೋಳೆಯ ಮೇಲೆ ಕಾಲಿಟ್ಟು ಜಾರಿದವರಿಗೆ ಅವರ ವಂಶಸ್ಥರ ಪರಿಚಯ ಇದ್ದರೂ ಇರಬಹುದು. ನಾವು ಓದುವಾಗ ಪಠ್ಯದಲ್ಲಿ ‘ನೀಲಿ-ಹಸಿರು ಪಾಚಿ’ ಎಂದಿತ್ತು. ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಈಗಿನ ಮಕ್ಕಳು ಸಯಾನೊಬ್ಯಾಕ್ಟೀರಿಯಾ ಎಂದು ಕಲಿಯುತ್ತಾರೆ. ಬಿಸಿಲಿನ ಬಲದಿಂದ ನೀರನ್ನು ಒಡೆದು, ಇಂಗಾಲದ ಡೈ ಆಕ್ಸೈಡ್ ಸೇರಿಸಿ ಸಕ್ಕರೆ ಕಟ್ಟುವ ವಿದ್ಯೆ ಇವಕ್ಕೆ ಸಿದ್ಧಿಸಿತು. ನೀರು ಒಡೆದಾಗ ಉಳಿದ ಆಮ್ಲಜನಕ ಬೇಡದ ಪದಾರ್ಥ. ನಾವು ಪ್ರಾಣವಾಯು ಎಂದು ಕರೆಯುವುದು ಅವುಗಳ ಪಾಲಿಗೆ ಹೊರಗೆಸೆದ ಕಸ!

ಆ ಕಸ ಕೂಡಲೇ ಗಾಳಿಗೆ ಸೇರಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಭಾಗವೇ. ಅಂದಿನ ಸಮುದ್ರದ ನೀರಿನಲ್ಲಿ ಕಬ್ಬಿಣ ಉಪ್ಪಿನಂತೆ ಕರಗಿಕೊಂಡಿತ್ತು. ಆಮ್ಲಜನಕ ತಾಗಿದ್ದೇ ತಡ, ಅದು ತುಕ್ಕಾಗಿ ತಳಕ್ಕಿಳಿಯಿತು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಮತ್ತೆ ಕಬ್ಬಿಣ. ಕೋಟ್ಯಂತರ ವರ್ಷ ಇದೇ ಕೆಲಸ. ಸಂಡೂರಿನ ಕಡೆಯಿಂದ ತಂದ ಅಂಗೈಯಗಲದ ಕಲ್ಲೊಂದು ನನ್ನ ಮೇಜಿನ ಮೇಲಿದೆ. ಜಮಖಾನದ ಹಾಗೆ ಕೆಂಪು, ಕಪ್ಪು, ಬೂದು ಪಟ್ಟಿಗಳು. 250 ಕೋಟಿ ವರ್ಷಕ್ಕೂ ಹಳೆಯದು. ಅಂದರೆ ಗಾಳಿಯಲ್ಲಿ ಆಮ್ಲಜನಕ ನೆಲೆಸುವ ಮೊದಲೇ ಕಟ್ಟಿದ ತುಕ್ಕು. ಇದನ್ನೆಲ್ಲ ಆಮ್ಲಜನಕವೇ ಮಾಡಿತೆ, ಅಥವಾ ಬೆಳಕಿನ ನೆರವಿನಿಂದ ಕಬ್ಬಿಣವನ್ನು ನೇರವಾಗಿ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳದೂ ಪಾಲಿದೆಯೆ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಲಾರಿಗಟ್ಟಲೆ ಅದಿರು ಬಂದರಿಗೆ ಸಾಗಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದು ಎಲ್ಲರಿಗೂ ಗೊತ್ತು. ಆ ಲಾರಿಗಳಲ್ಲಿ ಹೋದದ್ದು ಸೂಕ್ಷ್ಮಜೀವಿಗಳ ದುಡಿಮೆಯೂ ಹೌದು.

ಇಷ್ಟೆಲ್ಲ ಹಳೆಯ ಗಾಳಿಯ ಸಮಾಚಾರ ಗೊತ್ತಾದದ್ದಾದರೂ ಹೇಗೆ? ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ ಪುರಾತನ ನದಿಗಳು ಉರುಳಿಸಿ ತಂದ ಪೈರೈಟ್ ಹರಳುಗಳಿವೆ. ಪೈರೈಟ್ ಎಂದರೆ ಕಬ್ಬಿಣ-ಗಂಧಕದ ಖನಿಜ. ಇಂದಿನ ಹೊಳೆಯಲ್ಲಿ ಅದು ಉರುಳಿದರೆ ಗಾಳಿ-ನೀರು ತಾಗಿ ಬೇಗನೆ ಹಾಳಾಗುತ್ತದೆ. ಅಲ್ಲಿ ಮಾತ್ರ ನುಣ್ಣಗೆ ಸವೆದು ಗುಂಡಗಾಗಿ ಉಳಿದಿದೆ. ಆ ನದಿಗಳ ಮೇಲಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೆ?

ಕೊನೆಗೆ ತುಕ್ಕು ಹಿಡಿಯಬೇಕಾದದ್ದೆಲ್ಲ ಬಹುಮಟ್ಟಿಗೆ ಹಿಡಿದು ಮುಗಿಯಿತು. ಜ್ವಾಲಾಮುಖಿಗಳ ಅನಿಲಗಳೂ ಆಮ್ಲಜನಕವನ್ನು ನುಂಗಿ ತೀರಿಸಲಾರದಾದವು. ಆಗ ಅದು ಗಾಳಿಗೇರಿತು. ಅದುವರೆಗೆ ಭೂಮಿಯನ್ನು ಆಳುತ್ತಿದ್ದ ಜೀವಿಗಳಿಗೆ ಇದು ಶುದ್ಧ ವಿಷ. ಎಷ್ಟು ಸತ್ತವೋ ಲೆಕ್ಕವಿಟ್ಟವರಿಲ್ಲ; ಮೂಳೆಯಿಲ್ಲದವರ ಸಾವಿಗೆ ಗುರುತೂ ಉಳಿಯುವುದಿಲ್ಲ. ಭೂಮಿಯನ್ನು ಬೆಚ್ಚಗಿಟ್ಟಿದ್ದ ಮೀಥೇನನ್ನೂ ಆಮ್ಲಜನಕ ಕರಗಿಸಿತು, ಅದರಿಂದಲೇ ಆ ಕಾಲದ ದೀರ್ಘ ಹಿಮಯುಗ ಬಂದಿರಬೇಕು ಎಂದು ಹಲವರ ಊಹೆ. ಬದುಕಿದವು ಗಾಳಿಯಾಡದ ಕಡೆ ಅಡಗಿದವು. ಗದ್ದೆಯ ಕೆಸರು, ಹಸುವಿನ ಹೊಟ್ಟೆ, ನಮ್ಮದೇ ಕರುಳು. ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿಗೆ ಗಾಳಿ ಹೋಗಬಾರದು ಎನ್ನುತ್ತಾರಲ್ಲ, ಅಲ್ಲಿರುವುದು ಇಂಥ ನಿರಾಶ್ರಿತರೇ. ಇತ್ತ ಕೆಲವು ಬ್ಯಾಕ್ಟೀರಿಯಾಗಳು ವಿಷವನ್ನೇ ಬಳಸಿ ಆಹಾರದಿಂದ ಹಲವು ಪಟ್ಟು ಶಕ್ತಿ ಹಿಂಡುವುದನ್ನು ಕಲಿತವು. ಅಂಥದೊಂದರ ಸಂತತಿ ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಆಗಿ ಕುಳಿತಿದೆ.

ಪಿಯುಸಿ ಓದುವ ಪಕ್ಕದ ಮನೆಯ ಹುಡುಗನಿಗೆ ಇದನ್ನು ಹೇಳುತ್ತಿದ್ದಾಗ ಅವನ ತಂದೆ ನಡುವೆ ಬಾಯಿ ಹಾಕಿದರು: ‘ಅಷ್ಟು ದೊಡ್ಡ ಮಾಲಿನ್ಯಾನೇ ಭೂಮಿ ತಡ್ಕೊಂಡಿದೆ ಅಂದ್ಮೇಲೆ ನಮ್ಮ ಸ್ಕೂಟರ್ ಹೊಗೆ ಯಾವ ಲೆಕ್ಕ, ಸಾರ್?’

ತಮಾಷೆಗೆ ಕೇಳಿದ್ದಲ್ಲ. ಉತ್ತರವನ್ನೂ ತಮಾಷೆಯಾಗಿ ಕೊಡುವಂತಿಲ್ಲ. ಭೂಮಿ ತಡೆದುಕೊಂಡಿದೆ, ನಿಜ. ಅಂದು ಅದರ ಮೇಲಿದ್ದವರು ತಡೆದುಕೊಳ್ಳಲಿಲ್ಲ. ಗಾಳಿಗೆ ಆಮ್ಲಜನಕ ಸೇರಿದ ಮೇಲೂ, ಅದು ಪ್ರಾಣಿಗಳು ಬಾಳುವಷ್ಟಾಗಲು ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು ಬೇಕಾಯಿತು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಇಂಗಾಲದ ಡೈ ಆಕ್ಸೈಡ್ ಈಗ 420 ದಾಟಿದೆ. ತೆಗೆದುಕೊಂಡ ಕಾಲ ಮುನ್ನೂರು ವರ್ಷವೂ ಅಲ್ಲ.

ಹುಡುಗ ಕಾಗದದ ಮೇಲೆ ಎರಡು ಕಾಲಾವಧಿಗಳನ್ನೂ ಬರೆದು ಒಂದರಿಂದ ಇನ್ನೊಂದನ್ನು ಭಾಗಿಸಲು ಹೊರಟ. ಸೊನ್ನೆಗಳನ್ನು ಸರಿಯಾಗಿ ಬರೆದಿದ್ದಾನೆಯೇ ಎಂದು ಅವನ ಅಪ್ಪನೇ ಬಗ್ಗಿ ನೋಡಿ ಎಣಿಸತೊಡಗಿದರು.